ಅರವತ್ತು ದಿನ, ಯಾವ ತಿಂಗಳಿಂದ?

ಮಲೆನಾಡಿನ ಅಡಿಕೆ ತೋಟದಲ್ಲಿ ಯಾರೂ ವಿಷ ಹೊಡೆಯುವುದಿಲ್ಲ, ಔಷಧಿ ಹೊಡೆಯುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ, ಬೇರುಹುಳಕ್ಕೆಂದು ಬುಡಕ್ಕೆ ಸುರಿಯುವ ಕ್ಲೋರ್‌ಪೈರಿಫಾಸ್ ಔಷಧಿ, ಎಲೆಚುಕ್ಕಿ ರೋಗಕ್ಕೆ ಹೊಡೆಯುವ ಪ್ರೊಪಿಕೊನಜೋಲೂ ಔಷಧಿ. 1968ರ ಕೀಟನಾಶಕ ಕಾಯ್ದೆಯೂ ಹೆಚ್ಚುಕಡಿಮೆ ಹಾಗೇ, ಶಿಲೀಂಧ್ರನಾಶಕ, ಕಳೆನಾಶಕ ಎಲ್ಲವೂ ಅದಕ್ಕೆ ‘ಕೀಟನಾಶಕ’. ಈ ಕಾಯ್ದೆಯಡಿ ನೋಂದಣಿ ಕೊಡುವುದು, ರದ್ದು ಮಾಡುವುದು, ಶಾಶ್ವತವಾಗಿ ನಿಲ್ಲಿಸುವುದು ಕೇಂದ್ರದ ಕೈಯಲ್ಲಿದೆ. ‘ರಾಜ್ಯಕ್ಕೆ ಇದರಲ್ಲಿ ಅಧಿಕಾರವಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುವವರು ಇಲ್ಲಿಯವರೆಗೆ ಓದಿರುತ್ತಾರೆ, 27ನೇ ಕಲಮಿಗೆ ಬಂದಿರುವುದಿಲ್ಲ.

ಮನುಷ್ಯರಿಗೋ ಪ್ರಾಣಿಗಳಿಗೋ ಅಪಾಯ ಇದೆ, ತಕ್ಷಣ ಏನಾದರೂ ಮಾಡಬೇಕು ಎನಿಸಿದರೆ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಿ ಒಂದು ಕೀಟನಾಶಕದ, ಅಥವಾ ಅದರ ಒಂದು ಬ್ಯಾಚಿನ, ಮಾರಾಟ, ವಿತರಣೆ, ಬಳಕೆ ನಿಲ್ಲಿಸಬಹುದು ಎನ್ನುತ್ತದೆ ಆ ಕಲಮು. ಅವಧಿ ಹೆಚ್ಚೆಂದರೆ 60 ದಿನ. ತನಿಖೆ ಮುಗಿಯದಿದ್ದರೆ ಇನ್ನೂ 30 ದಿನ. ಇಡೀ ರಾಜ್ಯಕ್ಕೇ ಹಾಕಬೇಕೆಂದಿಲ್ಲ, ಯಾವ ಪ್ರದೇಶಕ್ಕೆ, ಎಷ್ಟರಮಟ್ಟಿಗೆ ಎಂಬುದನ್ನೂ ಅಧಿಸೂಚನೆಯಲ್ಲೇ ಹೇಳಬಹುದು. ಹೊಸನಗರ, ತೀರ್ಥಹಳ್ಳಿ ಎರಡು ತಾಲ್ಲೂಕಿಗೆ ಮಾತ್ರ ಎಂದು ಬರೆದರೂ ನಡೆಯುತ್ತದೆ.

ಕರ್ನಾಟಕ ಇದನ್ನು ಬಳಸಿದ ದೊಡ್ಡ ಉದಾಹರಣೆ ಘಟ್ಟದ ಕೆಳಗಿನದು. 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 60 ದಿನ ನಿಲ್ಲಿಸಿತು. ಅದೇ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಕೊಟ್ಟಿತು. ರಾಜ್ಯದ ಆದೇಶ ಹಳ್ಳ ದಾಟುವ ಸಂಕದ ಹಾಗೆ. ಆಚೆ ದಡ, ಅಂದರೆ ಶಾಶ್ವತ ನಿಷೇಧ, ಇದ್ದಾಗ ಮಾತ್ರ ಅದಕ್ಕೆ ಅರ್ಥ.

ಮಲೆನಾಡಿಗೆ ಇದನ್ನು ಅನ್ವಯಿಸುವಾಗ ಎಡವುವುದು ತಿಂಗಳ ಲೆಕ್ಕದಲ್ಲಿ. ಬೇರುಹುಳಕ್ಕೆ ಬುಡಕ್ಕೆ ಔಷಧಿ ಸುರಿಯುವುದು ಎರಡು ಸುತ್ತು: ಮೇ ತಿಂಗಳ ಅಡ್ಡಮಳೆಯಿಂದ ಜೂನ್ ಮೊದಲ ಭಾಗದವರೆಗೆ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ದೂರು ಬರುವುದು ಹಳ್ಳ ಕೆಂಪಾಗಿ, ಮೀನು ತೇಲಿ, ಪತ್ರಿಕೆಯಲ್ಲಿ ಬಂದ ಮೇಲೆ. ಜುಲೈ 15ಕ್ಕೆ ಆದೇಶ ಹೊರಟರೆ ಅರವತ್ತನೇ ದಿನ ಸೆಪ್ಟೆಂಬರ್ 12. ಎರಡು ಸುತ್ತಿನ ನಡುವಿನ ಬಿಡುವಿನಲ್ಲೇ ಆದೇಶದ ಆಯುಷ್ಯ ಬಹುಪಾಲು ಮುಗಿದುಹೋಯಿತು. ವಿಸ್ತರಿಸಿದರೂ ಅಕ್ಟೋಬರ್ 12ರವರೆಗೆ, ಎರಡನೇ ಸುತ್ತು ಪೂರ್ತಿ ಸಿಗುವುದಿಲ್ಲ. ಮೇ 1ಕ್ಕೆ ಹೊರಟರೆ ಜೂನ್ 29ರವರೆಗೆ, ವಿಸ್ತರಿಸಿದರೆ ಜುಲೈ 29ರವರೆಗೆ. ಮೊದಲ ಸುತ್ತು ಪೂರ್ತಿ ಸಿಗುತ್ತದೆ. ಮೇ 1ಕ್ಕೆ ಆದೇಶ ಬೇಕಾದರೆ ಕಡತ ಜನವರಿಯಲ್ಲಿ ಏಳಬೇಕು, ಅದರೊಳಗಿನ ಪುರಾವೆ ಹಿಂದಿನ ಮಳೆಗಾಲದ್ದಾಗಿರಬೇಕು. ಅಂದರೆ ಈ ವರ್ಷದ ಕೆಲಸ ಮುಂದಿನ ವರ್ಷದ ಆದೇಶಕ್ಕೆ.

ಪುರಾವೆ ಯಾವುದು? ಅಪಾಯದ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು ಎಂಬ ಷರತ್ತು ಇದೆ. ‘ಜನರಿಗೆ ತೊಂದರೆಯಾಗುತ್ತಿದೆ’ ಎಂಬ ಒಂದು ಸಾಲು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಆಧಾರ ಒದಗಿಸಲೆಂದೇ 26ನೇ ಕಲಮು ಇದೆ. ಕೀಟನಾಶಕದಿಂದ ವಿಷಬಾಧೆಯಾದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು ಎಂದು ರಾಜ್ಯ ಸರ್ಕಾರ ವೈದ್ಯರಿಗೋ ಆಸ್ಪತ್ರೆಗಳಿಗೋ ಅಧಿಸೂಚನೆ ಮೂಲಕ ಹೊಣೆ ಹೊರಿಸಬಹುದು. ಯಾರು, ಯಾವ ಅಧಿಕಾರಿಗೆ ಎಂಬುದು ಅದರಲ್ಲೇ ಇರಬೇಕು, ಇಲ್ಲದಿದ್ದರೆ ವರದಿ ಮಾಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣಗಳ) ಪುಸ್ತಕ ತೆಗೆದರೆ ಸಿಗುವುದು ಬಹುಪಾಲು ಆತ್ಮಹತ್ಯೆ ಯತ್ನಗಳು. ಕೆಲಸ ಮಾಡುತ್ತಾ ಮೈಗೆ ತಾಗಿಸಿಕೊಂಡವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ತಲೆಸುತ್ತು, ವಾಂತಿ’ ಎಂದು ಬರೆಸಿಕೊಂಡು, ಒಂದು ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಕಾಯಿಲೆಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿ ಐಸಿಡಿ-10ರಲ್ಲಿ ಕೀಟನಾಶಕದ ವಿಷಬಾಧೆಗೆ ಟಿ60 ಎಂಬ ಸಂಕೇತ ಇದೆ: ಟಿ60.0 ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳಿಗೆ, ಟಿ60.3 ಕಳೆನಾಶಕ ಮತ್ತು ಶಿಲೀಂಧ್ರನಾಶಕಗಳಿಗೆ. ಇದೊಂದು ಸಂಕೇತ, ಜೊತೆಗೆ ‘ಹಿಂದಿನ ದಿನ ಏನು ಹೊಡೆದಿರಿ?’ ಎಂಬ ಒಂದು ಪ್ರಶ್ನೆ, ಇಷ್ಟು ಹೊರರೋಗಿ ಚೀಟಿಗೆ ಬಂದರೆ ಕಡತದ ಅರ್ಧ ಕೆಲಸ ಮುಗಿದಂತೆ.

ರಕ್ತ ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಆರ್ಗನೋಫಾಸ್ಫೇಟ್ ಮೈಗೆ ಹೋದರೆ ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟ ಇಳಿಯುತ್ತದೆ. ಆದರೆ ಆರೋಗ್ಯವಂತರಲ್ಲೇ ಈ ಮಟ್ಟ ಒಬ್ಬರಿಂದೊಬ್ಬರಿಗೆ ತುಂಬ ಬೇರೆ. ಲ್ಯಾಬಿನ ‘ನಾರ್ಮಲ್’ ವ್ಯಾಪ್ತಿಯೊಳಗೇ ಒಬ್ಬನ ಮಟ್ಟ ಮೂರನೇ ಒಂದು ಭಾಗ ಕುಸಿದಿದ್ದರೂ ವರದಿ ನಾರ್ಮಲ್ ಎಂದೇ ಬರುತ್ತದೆ. ಆದ್ದರಿಂದ ಹೊಡೆಯುವ ಕಾಲಕ್ಕೆ ಮುಂಚೆ, ಏಪ್ರಿಲ್‌ನಲ್ಲಿ, ಒಮ್ಮೆ ರಕ್ತ ತೆಗೆದು ಆ ವ್ಯಕ್ತಿಯ ಸ್ವಂತ ಮಟ್ಟ ಗುರುತಿಸಿಡಬೇಕು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನಿಯಮ ಈ ಲೆಕ್ಕದಲ್ಲೇ ನಡೆಯುತ್ತದೆ: ಸ್ವಂತ ಮಟ್ಟದ ಶೇ 80ಕ್ಕಿಂತ ಕೆಳಗಿಳಿದರೆ ಕೆಲಸದ ವಿಧಾನವನ್ನು ಪರಿಶೀಲಿಸಬೇಕು, ಕೆಂಪು ರಕ್ತಕಣದ್ದು ಶೇ 70ಕ್ಕೆ ಅಥವಾ ಪ್ಲಾಸ್ಮಾದ್ದು ಶೇ 60ಕ್ಕೆ ಇಳಿದರೆ ಅವರನ್ನು ಆ ಕೆಲಸದಿಂದ ಹೊರಗಿಡಬೇಕು. ಇನ್ನೊಂದು ಎಚ್ಚರ: ಪ್ರೊಪಿಕೊನಜೋಲ್‌ನಂಥ ಅಜೋಲ್‌ಗಳು ಈ ಕಿಣ್ವದ ಮೇಲೆ ಕೆಲಸ ಮಾಡುವವಲ್ಲ. ಎಲೆಚುಕ್ಕಿಗೆ ಔಷಧಿ ಹೊಡೆದವರ ಕೋಲಿನೆಸ್ಟರೇಸ್ ಸರಿಯಿದೆ ಎಂದರೆ ಅವರ ಮೈಗೆ ಏನೂ ಹೋಗಿಲ್ಲ ಎಂದಲ್ಲ.

ಮೈಗೆ ಹೋಗುವುದು ಹೇಗೆ ಎಂದು ನೋಡಬೇಕಾದರೆ ದೋಟಿ, ಅಂದರೆ ಔಷಧಿ ಹೊಡೆಯುವ ಉದ್ದನೆಯ ಕೋಲು, ಹಿಡಿದವರ ತೋಳು ನೋಡಿ. ಅಡಿಕೆಯ ಕೊನೆ (ಗೊನೆ) ಇಳಿಸುವ ಕೊನೆಗೌಡ ಮರ ಹತ್ತಿ ಹೊಡೆಯುತ್ತಿದ್ದಾಗ ಕೊನೆ ಅವನ ಎದುರಿಗಿರುತ್ತಿತ್ತು. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತು, ಕತ್ತೆತ್ತಿ, ನೇರ ಮೇಲಕ್ಕೆ ಹೊಡೆಯುತ್ತಾರೆ. ತುಂತುರು ಮುಖದ ಮೇಲೇ ಇಳಿಯುತ್ತದೆ. ನಾಜಲ್ ಸೋರಿದ್ದು ದೋಟಿಗುಂಟ ಜಾರಿ ಅಂಗೈಗೆ, ಮುಂಗೈಗೆ, ತೋಳೊಳಗೆ, ಕಂಕುಳಿಗೆ. ಕೈಗವಸಿನ ಬಾಯನ್ನು ಅಂಗಿಯ ತೋಳಿನ ಒಳಗೆ ಸೇರಿಸಿದರೆ ಹೊಲದಲ್ಲಿ ಬಗ್ಗಿ ಹೊಡೆಯುವವನಿಗೆ ಸರಿ. ದೋಟಿಯವನು ಹಾಗೇ ಮಾಡಿದರೆ ಸೋರಿದ್ದೆಲ್ಲ ತೋಳಿಗೇ ಹೋಗುತ್ತದೆ. ಅವನು ಗವಸನ್ನು ತೋಳಿನ ಮೇಲೆ ಎಳೆದು ಬಾಯನ್ನು ಹೊರಕ್ಕೆ ಮಡಚಿಕೊಳ್ಳಬೇಕು, ಸೋರಿದ್ದು ಮಡಿಕೆಯಲ್ಲಿ ನಿಲ್ಲಬೇಕು. ತರಬೇತಿಯ ಪೋಸ್ಟರುಗಳಲ್ಲಿ ಬಗ್ಗಿ ಹೊಡೆಯುವವನ ಚಿತ್ರವೇ ಇರುತ್ತದೆ.

ಇನ್ನು ನೀರು. ತೋಟದ ಬಸಿಗಾಲುವೆ ಹಳ್ಳಕ್ಕೆ, ಹಳ್ಳದ ದಡದಲ್ಲಿ ಕೆಳಗಿನ ಕೇರಿಯ ಬಾವಿ. ಮಾದರಿ ತೆಗೆಯಬೇಕಾದ್ದು ಔಷಧಿ ಹಾಕಿದ ಮೇಲಿನ ಮೊದಲ ಜೋರು ಮಳೆಗೆ, ಬಿಸಿಲು ಬಿದ್ದ ಮೇಲೆ ಪುರುಸೊತ್ತಿನಲ್ಲಿ ಅಲ್ಲ. ಒಂದು ಲೀಟರಿನ ಕಂದು ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ, ಐಸ್ ಪೆಟ್ಟಿಗೆ. ಏಳು ದಿನದೊಳಗೆ ಲ್ಯಾಬಿನಲ್ಲಿ ದ್ರಾವಕಕ್ಕೆ ಇಳಿಸಬೇಕು. ಕುಡಿಯುವ ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಬೇಡ, ಕ್ಲೋರ್‌ಪೈರಿಫಾಸ್‌ನಂಥವು ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತವೆ. ನೀರು ಕೆಸರಾಗಿದೆ ಎಂದು ಬಟ್ಟೆಯಲ್ಲಿ ಸೋಸುವುದಂತೂ ಬೇಡವೇ ಬೇಡ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಂಡೇ ಹರಿಯುತ್ತದೆ, ಸೋಸಿದರೆ ಹುಡುಕುತ್ತಿದ್ದುದನ್ನೇ ಎಸೆದ ಹಾಗೆ. ಬೋರ್ಡೋದಲ್ಲಿರುವ ತಾಮ್ರಕ್ಕೆ ಬೇರೆ ಬಾಟಲಿ: ಅದು ಪ್ಲಾಸ್ಟಿಕ್ ಆಗಬಹುದು, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು.

ಲ್ಯಾಬಿಗೆ ‘ಕೀಟನಾಶಕ ಪರೀಕ್ಷೆ’ ಎಂದಷ್ಟೇ ಬರೆದುಕೊಟ್ಟರೆ ಕುಡಿಯುವ ನೀರಿನ ಮಾನಕ ಐಎಸ್ 10500ರ ಪಟ್ಟಿ ನೋಡಿ ಪರೀಕ್ಷಿಸುತ್ತಾರೆ. 2012ರ ಆ ಪಟ್ಟಿಯಲ್ಲಿ ಇರುವುದು ಹದಿನೆಂಟು. ಕ್ಲೋರ್‌ಪೈರಿಫಾಸ್ ಇದೆ, ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಫೋರೇಟ್ ಇದೆ, 2 ಮೈಕ್ರೊಗ್ರಾಂ. ಡಿಡಿಟಿ, ಆಲ್ಡ್ರಿನ್ ಥರದ ಹಳೆಯವೂ ಇವೆ. ಪ್ರೊಪಿಕೊನಜೋಲ್ ಇಲ್ಲ, ಹೆಕ್ಸಾಕೊನಜೋಲ್ ಇಲ್ಲ, ಕಳೆನಾಶಕ ಗ್ಲೈಫೊಸೇಟೂ ಇಲ್ಲ. ಹೀಗಾಗಿ ಎಲೆಚುಕ್ಕಿ ತಾಲ್ಲೂಕಿನ ನೀರಿಗೆ ‘ಪತ್ತೆಯಾಗಿಲ್ಲ’ ಎಂಬ ಹದಿನೆಂಟು ಸಾಲಿನ ಚೆಂದದ ವರದಿ ಬರುತ್ತದೆ. ಹೊಡೆದಿದ್ದನ್ನು ಯಾರೂ ಹುಡುಕಿಯೇ ಇರುವುದಿಲ್ಲ. ಅರ್ಜಿಯಲ್ಲಿ ರಾಸಾಯನಿಕದ ಹೆಸರು ಬರೆದು, ಎಲ್‌ಸಿ-ಎಂಎಸ್/ಎಂಎಸ್ ಯಂತ್ರದಲ್ಲಿ ನೋಡಿ ಎಂದು ಕೇಳಬೇಕು. ಗ್ಲೈಫೊಸೇಟ್‌ಗೆ ಮತ್ತೆ ಪ್ರತ್ಯೇಕ ವಿಧಾನ, ಪ್ರತ್ಯೇಕ ಶುಲ್ಕ.

ಡಬ್ಬಿಯ ಮೇಲಿನ ತ್ರಿಕೋನವೂ ಇದೇ ಜಾತಿಯ ಸಮಾಧಾನ. ಕೆಂಪು, ಹಳದಿ, ನೀಲಿ, ಹಸಿರು ಎಲ್ಲವೂ ಒಂದೇ ಸಲ ನುಂಗಿದರೆ ಅಥವಾ ಚರ್ಮಕ್ಕೆ ತಾಗಿದರೆ ಎಷ್ಟಕ್ಕೆ ಸಾವು ಎಂಬ ಲೆಕ್ಕ. ಪ್ರೊಪಿಕೊನಜೋಲ್‌ಗೆ ನೀಲಿ. ಅದನ್ನೇ ಐರೋಪ್ಯ ಒಕ್ಕೂಟ ಸಂತಾನೋತ್ಪತ್ತಿಗೆ ಹಾನಿಕರವಾದವುಗಳ ವರ್ಗಕ್ಕೆ ಸೇರಿಸಿ 2018ರಲ್ಲಿ ಅನುಮತಿ ನವೀಕರಿಸದೆ ಬಿಟ್ಟಿತು. ನೀಲಿ ಬಣ್ಣ ಅದನ್ನು ಹೇಳುವುದಿಲ್ಲ.

ಅಂಗಡಿಯಲ್ಲಿ ಪರಿವೀಕ್ಷಕರು ತೆಗೆಯುವ ಮಾದರಿಯನ್ನು ಪುರಾವೆ ಎಂದು ಕಡತಕ್ಕೆ ಸೇರಿಸುವವರಿದ್ದಾರೆ. ಅದರಿಂದ ಗೊತ್ತಾಗುವುದು ಡಬ್ಬಿಯಲ್ಲಿ ಬರೆದಷ್ಟು ಅಂಶ ಒಳಗಿದೆಯೇ ಎಂಬುದಷ್ಟೇ. ಪಾಸಾದ ಮಾದರಿಯಿಂದಲೂ ಜನ ಕಾಯಿಲೆ ಬೀಳುತ್ತಾರೆ.

ನನ್ನ ಪ್ರಕಾರ ನಿಷೇಧಕ್ಕಿಂತ ಜೋರಾದ ಹಿಡಿ ಸಹಾಯಧನದ ಪಟ್ಟಿ. ಅದಕ್ಕೆ ಕೇಂದ್ರದ ಅನುಮತಿ ಬೇಕಿಲ್ಲ. ಇಲಾಖೆ ಯಾವುದನ್ನು ಕೊಂಡು ಹಂಚುತ್ತದೋ ತೋಟಕ್ಕೆ ಬೀಳುವುದು ಅದೇ. ತೊಡಕೆಂದರೆ ಕಾಯ್ದೆ ಕೃಷಿ ಇಲಾಖೆಯದ್ದು, ಅಡಿಕೆ ತೋಟಗಾರಿಕೆಯದ್ದು, ರೋಗಿಯ ಚೀಟಿ ಆರೋಗ್ಯ ಇಲಾಖೆಯದ್ದು. ಮೂರು ಮೇಜಿಗೂ ಒಂದೇ ಟಿಪ್ಪಣಿಯನ್ನು ಒಂದೇ ದಿನ ಕಳಿಸದಿದ್ದರೆ ಅದು ‘ಅಭಿಪ್ರಾಯಕ್ಕಾಗಿ’ ಸುತ್ತುತ್ತಾ ಮಳೆಗಾಲ ಮುಗಿಸುತ್ತದೆ.

ಆಚೆ ದಡ ಕ್ಲೋರ್‌ಪೈರಿಫಾಸ್‌ಗೆ ಈಗ ಕಾಣುತ್ತಿದೆ. 2025ರಲ್ಲಿ ಸ್ಟಾಕ್‌ಹೋಮ್ ಪಟ್ಟಿಗೆ ಕೆಲವು ವಿನಾಯಿತಿಗಳೊಂದಿಗೆ ಸೇರಿತು. ಭಾರತ ಪ್ರತಿ ಸೇರ್ಪಡೆಯನ್ನೂ ಬೇರೆಯಾಗಿ ಅನುಮೋದಿಸಿದರಷ್ಟೇ ಇಲ್ಲಿ ಜಾರಿ, ಹಾಗಾಗಿ ರಾಜ್ಯದ ಕಡತಕ್ಕೆ ಇನ್ನೂ ಕೆಲಸವಿದೆ. ಆ ಕಡತದಲ್ಲಿ ‘ಬದಲಿಗೆ ಏನು’ ಎಂಬ ಪುಟ ಇರಲೇಬೇಕು, ಇಲ್ಲವಾದರೆ ಬೆಳೆಗಾರರ ಮೊದಲ ನಿಯೋಗ ಬಂದಾಗಲೇ ಆದೇಶ ಬಿದ್ದುಹೋಗುತ್ತದೆ. ಬೇರುಹುಳಕ್ಕೆ ಕೀಟ ಕೊಲ್ಲುವ ಜಂತುಹುಳುಗಳ ಪುಡಿ ಇದೆ, ಜೀವಂತ ಸರಕು, ಜೋಪಾನವಾಗಿ ಇಡಬೇಕಾದ್ದು. ಅದಕ್ಕಿಂತ ಹಳೆಯದು, ಬೇರುಹುಳದ ಬೆಳೆದ ರೂಪವಾದ ದುಂಬಿಯನ್ನೇ ಹಿಡಿಯುವುದು. ಅಡ್ಡಮಳೆ ಬಿದ್ದ ಮೇಲೆ ದುಂಬಿಗಳು ಮುಸ್ಸಂಜೆಯಲ್ಲಿ ಮಣ್ಣಿನಿಂದ ಎದ್ದು ಬರುತ್ತವೆ. ದಿನಕ್ಕೆ ಒಂದು ಗಂಟೆಯಂತೆ, ಸುಮಾರು ಎರಡು ವಾರ, ಕೈಯಲ್ಲೇ ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಪಕ್ಕದ ತೋಟದವರು ಹಿಡಿಯದಿದ್ದರೆ ಅರ್ಧ ಶ್ರಮ ಹಾಳು, ಆದ್ದರಿಂದ ಇಡೀ ಕೇರಿಗೆ ಕೂಲಿ ಲೆಕ್ಕ ಹಾಕಿ ಹಣ ಇಡಬೇಕು. ಆ ಎರಡು ವಾರ ತಪ್ಪಿದರೆ ದುಂಬಿ ಮಣ್ಣಿಗಿಳಿದು ಮೊಟ್ಟೆಯಿಟ್ಟಾಗಿರುತ್ತದೆ.