ಅಂಗೈ ಬಿಸಿಗೆ ಮಿನುಗಿದ ಎಲ್‌ಇಡಿ

ಇನ್ನೂರು ಸುತ್ತು ಅಂದರೆ ಏನು ಮಹಾ ಅಂದುಕೊಂಡಿದ್ದೆ. ಟ್ರಾನ್ಸ್‌ಫಾರ್ಮರಿಗೆ ಅಂತ ತಂದ 10 ಮಿಲಿಮೀಟರ್ ಬಳೆಯೊಳಗೆ 42 ಗೇಜ್ ತಂತಿಯನ್ನು ಒಂದೊಂದು ಸಲ ತೂರಿಸಿ ಎಳೆಯಬೇಕು. ತಲೆಗೂದಲಿನಷ್ಟು ತೆಳು, ಸ್ವಲ್ಪ ಜಾಸ್ತಿ ಜಗ್ಗಿದರೆ ಟಪ್ ಅಂತ ಹರಿಯುತ್ತದೆ. 130ರ ಹತ್ತಿರ ಬಂದಾಗ ಫೋನ್ ಬಂತು. ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ.

ಹೊರಟಿದ್ದು ಸುಮ್ನೆ ಒಂದು ಹುಚ್ಚಿಗೆ. ಒಂದು ಬದಿ ಬಿಸಿ, ಇನ್ನೊಂದು ತಂಪು ಇದ್ದರೆ ಕರೆಂಟು ಹುಟ್ಟಿಸುವ ಪೆಲ್ಟಿಯರ್ ಬಿಲ್ಲೆ; ಅದರ ಕೆಳಗೆ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್, ಮೇಲೆ ನನ್ನ ಅಂಗೈ, ಆ ಬಿಸಿಯಿಂದಲೇ ಎಲ್‌ಇಡಿ ಹತ್ತಬೇಕು. ಆದರೆ ಒಳಗೆ 127 ಜೋಡಿ ಅರೆವಾಹಕ ತುಣುಕುಗಳಿರುವ ಬಿಲ್ಲೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಕೊಡುವುದು ಹೆಚ್ಚೆಂದರೆ 50 ಮಿಲಿವೋಲ್ಟ್, ಅದೂ ಲೋಡ್ ಹಾಕಿದ ಕೂಡಲೇ ಅರ್ಧಕ್ಕೆ ಬೀಳುತ್ತದೆ. ಸಾದಾ ಸಿಲಿಕಾನ್ ಟ್ರಾನ್ಸಿಸ್ಟರ್ ಕಣ್ಣು ಬಿಡಲಿಕ್ಕೇ 600 ಬೇಕು. ಪುಟ್ಟ ವೋಲ್ಟನ್ನು ಏರಿಸಿಕೊಡುವ ಎಲ್‌ಟಿಸಿ3108 ಅನ್ನುವ ಚಿಪ್ 20 ಮಿಲಿವೋಲ್ಟಿಗೇ ಶುರುವಾಗುತ್ತದೆ ನಿಜ, ಆದರೆ ಅದರ ಮುಂದೆ 1:100ರ ಟ್ರಾನ್ಸ್‌ಫಾರ್ಮರ್ ಇದ್ದರೆ ಮಾತ್ರ. ಅದಕ್ಕೇ ವೋಲ್ಟ್ ಏರಿ ಹೊರಬರುವ ಸೆಕೆಂಡರಿಗೆ ಈ ಇನ್ನೂರು ಸುತ್ತು. ಬಿಲ್ಲೆಯ ಕಡೆಯ ಪ್ರೈಮರಿಗೆ ಎರಡೇ.

ಸುತ್ತಿ ಮುಗಿಸಿ ಜೋಡಿಸಿದೆ. ಮೀಟರ್ ಸೊನ್ನೆಯಿಂದ ಏಳಲಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪಿನ ಮೋಟಾರು ಸುತ್ತುವ ಕಾಕಾ ಒಬ್ಬರಿದ್ದಾರೆ. ತಂತಿ ಕೊಟ್ಟವರೂ ಅವರೇ. ಬಳೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ತಮ್ಮಾ, ಈ ಹಳದಿ ಬಳಿ ಎಲ್ಲಿಂದ ತಂದಿ?" ಅಂದರು. ಹಳೇ ಕಂಪ್ಯೂಟರ್ ಸಪ್ಲೈಯಿಂದ ಕಿತ್ತಿದ್ದು. "ಇದು ಕಬ್ಬಿಣದ ಪುಡಿ. ಎರಡ ಸುತ್ತಿನಾಗ ಇದರಿಂದ ಏನೂ ಆಗೂದಿಲ್ಲ. ಫೆರೈಟ್ ಹುಡುಕು." ಸರಿಯಾಗಿಯೇ ಹೇಳಿದರು. ಫೆರೈಟ್ ಅಂದರೆ ಕಾಂತಗುಣ ಬಹಳ ಜಾಸ್ತಿ ಇರುವ, ಪಿಂಗಾಣಿಯಂಥ ವಸ್ತು. ಎರಡು ಸುತ್ತಿಗೆ ನನಗೆ ಏಳೆಂಟು ಮೈಕ್ರೋಹೆನ್ರಿ ಇಂಡಕ್ಟನ್ಸ್ (ಸುರುಳಿಯ ಕಾಂತಬಲದ ಒಂದು ಅಳತೆ) ಬೇಕಿತ್ತು, ಹಳದಿ ಬಳೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅವರದೇ ಗುಜರಿ ಡಬ್ಬಿಯಲ್ಲಿ ಕೆಟ್ಟ ಸಿಎಫ್‌ಎಲ್ ಬಲ್ಬು ಸಿಕ್ಕಿತು. ಒಡೆದರೆ ಒಳಗೆ ಪುಟ್ಟ ಕಪ್ಪು ಫೆರೈಟ್ ಬಳೆ!

ಈ ಸಲ ಐಸ್‌ಕ್ಯಾಂಡಿ ಕಡ್ಡಿ ಸೀಳಿ ಅದಕ್ಕೆ ತಂತಿ ಸುತ್ತಿಕೊಂಡು, ಫೋನ್ ಬಂದ್ ಮಾಡಿ ಕೂತೆ. ಬಳೆಯ ಅಂಚು ತಂತಿಯ ಮೇಲಿನ ಎನಾಮಲ್ ಲೇಪವನ್ನು ಕೆರೆಯದಿರಲಿ ಅಂತ ಮೊದಲು ಒಂದು ಸುತ್ತು ತೆಳು ಟೇಪ್. ಪ್ರೈಮರಿಗೆ ಕಾಕಾ ಕೊಟ್ಟ 22 ಗೇಜ್ ತುಂಡು. ಇಷ್ಟು ಕಡಿಮೆ ವೋಲ್ಟಿನಲ್ಲಿ ತಂತಿಯ ರೆಸಿಸ್ಟೆನ್ಸೇ ಅರ್ಧ ತಿಂದುಬಿಡುತ್ತದೆ, ಅದಕ್ಕೇ ದಪ್ಪ.

ಮರುದಿನ ಅಂಗಡಿಯಲ್ಲೇ ಜೋಡಿಸಿದೆ. ಮತ್ತೆ ಸೊನ್ನೆ. ಕಾಕಾ ತಲೆಯನ್ನೂ ಎತ್ತಲಿಲ್ಲ. "ಒಂದರ ತುದಿ ಉಲ್ಟಾ ಮಾಡ." ಮೋಟಾರು ಉಲ್ಟಾ ತಿರುಗಿದರೆ ಅವರು ದಿನಾ ಮಾಡುವ ಕೆಲಸ ಅದು. ನಾನು ಮಾತ್ರ ಸರ್ಕ್ಯೂಟ್ ಚಿತ್ರದಲ್ಲಿ ಯಾವ ತುದಿ ಯಾವ ಕಡೆಗೆ ಅಂತ ತೋರಿಸುವ ಎರಡು ಚುಕ್ಕೆಗಳನ್ನು ಒಂದು ವಾರದಿಂದ ನೋಡುತ್ತಲೇ ಇದ್ದೆ.

ಸೆಕೆಂಡರಿಯ ತುದಿ ಬದಲಿಸಿದೆ. ಡಿಸೆಂಬರ್ ಬೆಳಗು, ಬೆಳಗಾವಿಯ ಚಳಿ, ಹೀಟ್‌ಸಿಂಕ್ ಕೊರೆಯುತ್ತಿತ್ತು. ಅಂಗೈ ಇಟ್ಟೆ. ಮೀಟರ್ 0.4, 0.9, 1.6 ಅಂತ ಆಮೆಯ ಹಾಗೆ ಹತ್ತುತ್ತಾ 3.3ಕ್ಕೆ ಬಂತು. ಬಟನ್ ಒತ್ತಿದೆ. ಕೆಂಪು ಎಲ್‌ಇಡಿ ಒಮ್ಮೆ ಮಿನುಗಿ ಆರಿತು. ಎರಡನೇ ಸಲಕ್ಕೆ ಜಾಸ್ತಿ ಹೊತ್ತು ಹಿಡಿಯಿತು, ಮೂರನೇ ಸಲ ಮೀಟರ್ 2ರ ಹತ್ತಿರವೇ ನಿಂತುಬಿಟ್ಟಿತು. ಹೀಟ್‌ಸಿಂಕ್ ನನ್ನ ಕೈಯಷ್ಟೇ ಬೆಚ್ಚಗಾಗಿತ್ತು. ಕಾಕಾ ಅದನ್ನು ಎತ್ತಿ ಬಾಗಿಲ ಹೊರಗಿನ ಕಲ್ಲಿನ ಮೇಲೆ ಇಟ್ಟು, ಈಗ ತಮ್ಮ ಅಂಗೈ ಒತ್ತಿದರು.