ಸೋಪು ಹಚ್ಚಿಕೊಂಡಾಗ ಮಾತ್ರ

18 ಜುಲೈ 2024, ಗುರುವಾರ
ಬಸವನಗುಡಿ. ಸಂಜೆಯಿಂದ ಜಿಟಿಜಿಟಿ ಮಳೆ.

ಮೇಲ್ಮನೆ ಅಜ್ಜಿ ಮೆಟ್ಟಿಲ ಮೇಲೇ ನಿಂತು ಹೇಳಿದರು: "ಮುಖಕ್ಕೆ ಸೋಪು ಹಚ್ಚಿಕೊಂಡಾಗ ಮಾತ್ರ ಕಣೇ, ಯಾರೋ ಹಿಂದಿನಿಂದ ಜಗ್ಗಿದ ಹಾಗಾಗತ್ತೆ. ಕಣ್ಣು ಬಿಟ್ರೆ ಏನೂ ಇಲ್ಲ." ಮಗ ಆಗಲೇ ಬಿಪಿ ಅಂತ ತೀರ್ಮಾನಿಸಿದ್ದಾನೆ.

ಬಿಪಿಗೆ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಗೊತ್ತಾಗಲ್ಲ.

ನೆಟ್ಟಗೆ ನಿಲ್ಲೋದಕ್ಕೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಆಮೇಲೆ ಕಾಲಿನ ಸ್ನಾಯು ಮತ್ತು ಕೀಲು. ಸ್ನಾಯುವಿನೊಳಗೆ ಕದಿರಿನಾಕಾರದ ಸಣ್ಣ ಎಳೆಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಅಂತ ಅವು ಹೇಳುತ್ತವೆ. ಎಷ್ಟು ಭಾರ ಎಳೆಯುತ್ತಿದೆ ಅನ್ನೋದನ್ನ ಸ್ನಾಯುರಜ್ಜುವಿನ ತುದಿ ಹೇಳತ್ತೆ. ಇಂಗ್ಲಿಷ್ ಶರೀರವಿಜ್ಞಾನಿ ಶೆರಿಂಗ್ಟನ್ 1906ರಲ್ಲಿ ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ಟ. ನಮ್ಮ ಪಂಚೇಂದ್ರಿಯಗಳ ಲೆಕ್ಕದಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ, ಪಾಪ.

ಈ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲಕ್ಕೆ ಹೋಗತ್ತೆ. ಬಿ12 ವಿಟಮಿನ್ ಕಡಿಮೆಯಾದರೆ ಅಲ್ಲಿನ ನರಗಳ ಮಯಲಿನ್ ಹೊದಿಕೆ ಕೆಡುತ್ತೆ. ಸಾಮಾನ್ಯವಾಗಿ ಮೊದಲು ಏಟು ಬೀಳೋದು ಪಾದಕ್ಕೆ. ಆ ಕೊರತೆಯನ್ನ ಕಣ್ಣು ಸದ್ದಿಲ್ಲದೆ ತುಂಬಿಕೊಡೋದರಿಂದ, ಕಣ್ಣು ಮುಚ್ಚುವವರೆಗೆ ಏನೂ ತಿಳಿಯಲ್ಲ. ಅಜ್ಜಿ ದಿನಾ ಬೆಳಿಗ್ಗೆ ಸಿಂಕಿನ ಮುಂದೆ ತಮಗೇ ಗೊತ್ತಿಲ್ಲದೆ ರೋಂಬರ್ಗ್ ಪರೀಕ್ಷೆ, ಅಂದರೆ ನಿಂತು ಕಣ್ಣು ಮುಚ್ಚಿದಾಗ ಓಲಾಡುತ್ತಾರಾ ಅಂತ ನೋಡೋ ಪರೀಕ್ಷೆ, ಮಾಡಿಕೊಳ್ಳುತ್ತಿದ್ದಾರೆ!

ಪಾದದ ಸುದ್ದಿ ಸರಿಯಾಗಿ ಬರ್ತಿದೆಯಾ ಅಂತ ನೋಡೋ ಹೆಬ್ಬೆರಳ ಪರೀಕ್ಷೆಯನ್ನ ಮಾತ್ರ ತುಂಬಾ ಜನ ತಪ್ಪಾಗಿ ಮಾಡ್ತಾರೆ. ಕಾಲಿನ ಹೆಬ್ಬೆರಳನ್ನ ಎರಡು ಪಕ್ಕದಿಂದ ಹಿಡಿಯಬೇಕು. ಮೇಲೆ ಕೆಳಗೆ ಹಿಡಿದರೆ ಒತ್ತಡವೇ ಉತ್ತರ ಹೇಳಿಕೊಡತ್ತೆ. ಪಕ್ಕದ ಬೆರಳಿಗೆ ತಾಗಬಾರದು. ಕಣ್ಣು ತೆರೆದಿರುವಾಗಲೇ "ಇದು ಮೇಲೆ, ಇದು ಕೆಳಗೆ" ಅಂತ ತೋರಿಸಿ, ಆಮೇಲೆ ಮುಚ್ಚಿಸಿ, ಕೆಲವೇ ಮಿಲಿಮೀಟರ್ ಅಲುಗಿಸಿ ಕೇಳಬೇಕು. ಸುಮ್ಮನೆ ಊಹಿಸಿದರೂ ಅರ್ಧ ಉತ್ತರ ಸರಿಯಾಗತ್ತೆ. ಅದಕ್ಕೇ ಏಳೆಂಟು ಸಲ, ಕ್ರಮ ತಪ್ಪಿಸಿ ಕೇಳೋದು. ಬೆರಳಲ್ಲಿ ತಪ್ಪಿದರೆ ಕಾಲಿನ ಹರಡಿಗೆ, ಅಂದರೆ ಪಾದದ ಕೀಲಿಗೆ, ಹೋಗಬೇಕು. 128 ಹರ್ಟ್ಜ್ ಟ್ಯೂನಿಂಗ್ ಫೋರ್ಕನ್ನ ಹರಡಿನ ಮೂಳೆಗಿಟ್ಟು ಕಂಪನ ಗೊತ್ತಾಗತ್ತಾ ಅಂತಲೂ ನೋಡಬೇಕು.

ಅಜ್ಜಿ ಅಪ್ಪಟ ಸಸ್ಯಾಹಾರಿ, ಮಜ್ಜಿಗೆ ಬಿಟ್ಟರೆ ಹಾಲಿನ ಪದಾರ್ಥವೇ ಇಲ್ಲ, ಹಾಗಾಗಿ ಊಟದಲ್ಲೇ ಬಿ12 ಕಡಿಮೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್. ಅದು ಬಿ12 ಹೀರಿಕೊಳ್ಳೋದನ್ನ ಕಡಿಮೆ ಮಾಡತ್ತೆ. ಸಕ್ಕರೆ ಕಾಯಿಲೆಯೂ ಪಾದದ ನರ ಕೆಡಿಸತ್ತೆ, ಅದನ್ನೂ ನೋಡಬೇಕು. "ಹಿಮೋಗ್ಲೋಬಿನ್ ಚೆನ್ನಾಗಿದೆಯಲ್ಲ" ಅಂತ ಮಗ. ರಕ್ತ ಸರಿಯಿದ್ದೂ ನರ ಕೆಡಬಹುದು. ಬರೀ ಫೋಲಿಕ್ ಆಸಿಡ್ ನುಂಗಿದರೂ ಅಷ್ಟೇ, ರಕ್ತಹೀನತೆ ಸುಧಾರಿಸತ್ತೆ, ನರ ಒಳಗೊಳಗೇ ಹಾಳಾಗ್ತಾ ಇರತ್ತೆ.

ಸದ್ಯಕ್ಕೆ ಸ್ಟೂಲಿನ ಮೇಲೆ ಕೂತು ಮುಖ ತೊಳೆಯಿರಿ ಅಂದೆ. ಇಲ್ಲದಿದ್ದರೆ ಒಂದು ಬೆರಳಾದರೂ ಗೋಡೆಗೆ ತಾಗಿರಲಿ. ಆತುಕೊಳ್ಳೋದೇನೂ ಬೇಡ, ಸುಮ್ಮನೆ ತಾಗಿದ್ದರೂ ತೂಗಾಟ ಕಡಿಮೆಯಾಗತ್ತೆ. ರಾತ್ರಿ ಬಚ್ಚಲಲ್ಲಿ ದೀಪ ಆರಿಸಬೇಡಿ. ಮೆತ್ತನೆಯ ದಪ್ಪ ಚಪ್ಪಲಿ ಬೇಡ.

ಈಗ ನೆನಪಾಯಿತು, ಮಗ ಮೆಡಿಕಲ್‌ನಿಂದ ಬಿ ಕಾಂಪ್ಲೆಕ್ಸ್ ತಂದಿಟ್ಟಿದ್ದಾನಂತೆ. ಬಿ12 ಪರೀಕ್ಷೆಗೆ ರಕ್ತ ಕೊಡೋ ಮೊದಲೇ ನುಂಗಿದರೆ ರಿಪೋರ್ಟು ನಂಬೋ ಹಾಗಿರಲ್ಲ. ಮೇಲೆ ಇನ್ನೂ ದೀಪ ಇದೆ, ಒಂದು ನಿಮಿಷ ಹೋಗಿ