ಅಣ್ಣನ ಜೊತೆ ಇನ್ನೂ ಹೇಗೆ ಮಾತನಾಡುತ್ತೀರಿ?

ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರು ಕೇಳುತ್ತಾರೆ, ನಾನು ಬರೆದದ್ದನ್ನು ಓದಿ ಫೋನ್ ಮಾಡುವವರೂ ಕೊನೆಗೆ ಇದಕ್ಕೇ ಬರುತ್ತಾರೆ: "ನಿಮ್ಮ ಅಣ್ಣ ಹಾಕುವ ಸ್ಟೇಟಸ್ ನೋಡುತ್ತೇವೆ, ನೀವು ಬರೆಯುವುದನ್ನೂ ಓದುತ್ತೇವೆ. ಒಂದೇ ಮನೆಯಲ್ಲಿ ಹೇಗೆ ಇದ್ದೀರಿ? ಇನ್ನೂ ಮಾತನಾಡುತ್ತೀರಾ?"

ಮಾತನಾಡುತ್ತೇವೆ. ನಡುವೆ ನಾಲ್ಕೂವರೆ ತಿಂಗಳು ಮಾತಿರಲಿಲ್ಲ. ಅದನ್ನು ಮುಚ್ಚಿಟ್ಟು ಉತ್ತರ ಕೊಟ್ಟರೆ ಸುಳ್ಳಾಗುತ್ತದೆ.

ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. ಕೆಳಗೆ ಅಮ್ಮ ಮತ್ತು ನಾನು, ಮಹಡಿಯಲ್ಲಿ ಅಣ್ಣ, ಅತ್ತಿಗೆ, ಅವರ ಮಗ. ನನ್ನ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಅಡುಗೆ ಎರಡು ಕಡೆ ಆಗುತ್ತದೆ, ಆದರೆ ರಾತ್ರಿಯ ಊಟ ಅಮ್ಮನ ಮುಂದೆ ಒಟ್ಟಿಗೆ. ಇದು ಅಪ್ಪ ಇದ್ದಾಗಿನಿಂದ ಬಂದ ಕ್ರಮ.

ಒಂದೇ ಮನೆಯಲ್ಲಿ ಎರಡು ಪಕ್ಷ ಎಂಬುದು ನಮಗೆ ಹೊಸದಲ್ಲ. 1977ರ ಚುನಾವಣೆಯಲ್ಲಿ ಅಪ್ಪ ಕಾಂಗ್ರೆಸ್ಸಿನ ಹಸು–ಕರು ಗುರುತಿಗೆ ಮತ ಹಾಕಿದ್ದರು, ಚಿಕ್ಕಪ್ಪ ಜನತಾ ಪಕ್ಷಕ್ಕೆ. ಉತ್ತರ ಭಾರತ ಪೂರ್ತಿ ಇಂದಿರಾ ಗಾಂಧಿಯವರ ವಿರುದ್ಧ ತಿರುಗಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಮನೆಯ ಜಗುಲಿಯಲ್ಲಿ ಅಂದು ಒಬ್ಬರು ರೇಡಿಯೊದ ಎದುರು ಕುಳಿತಿದ್ದರಂತೆ, ಇನ್ನೊಬ್ಬರು ಎದ್ದು ತೋಟಕ್ಕೆ ಹೋದರಂತೆ. ಮರುವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಇಂದಿರಾ ಗಾಂಧಿಯವರ ಎದುರು ನಿಂತಿದ್ದ ಜನತಾ ಪಕ್ಷದ ವೀರೇಂದ್ರ ಪಾಟೀಲರ ಪರವಾಗಿ ಚಿಕ್ಕಪ್ಪ ಹಳ್ಳಿ ಹಳ್ಳಿ ಸುತ್ತಲು ಹೊರಟರು. ಆಗಲೇ ಅಡಿಕೆ ಕೊಯ್ಲು. ಚಿಕ್ಕಪ್ಪನ ಪಾಲಿನ ಅಡಿಕೆ ಗೊನೆ ಇಳಿಸಿ, ಸುಲಿಸಿ, ಹಂಡೆಯಲ್ಲಿ ಬೇಯಿಸಿ ಒಣಗಿಸಿದ್ದು ಅಪ್ಪ. ಇಂದಿರಾ ಗಾಂಧಿ 70,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಚಿಕ್ಕಪ್ಪ ಸೋತ ಮುಖ ಹೊತ್ತು ಮನೆಗೆ ಬಂದಾಗ ಅಂಗಳದಲ್ಲಿ ಅವರ ಅಡಿಕೆ ಒಣಗುತ್ತಿತ್ತು. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಆದರೆ ಆ ಕಾಲದ ಹಾಗೆ ಈಗಲೂ ಇರಬಹುದು ಎಂದರೆ ನಾನು ಒಪ್ಪುವುದಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಒಂದೇ ಪತ್ರಿಕೆಯನ್ನು ಹಾಳೆ ಹಂಚಿಕೊಂಡು ಓದಿ ಜಗಳವಾಡುತ್ತಿದ್ದರು. ಓದಿದ ಸುದ್ದಿ ಒಂದೇ, ಅದಕ್ಕೆ ಅವರು ಹಚ್ಚುತ್ತಿದ್ದ ಅರ್ಥ ಎರಡು. ನನಗೂ ಅಣ್ಣನಿಗೂ ಸುದ್ದಿಯೇ ಬೇರೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣನ ಫೋನಿನಲ್ಲಿ ಕಲ್ಲು ತೂರುವವರ ದೃಶ್ಯವಿತ್ತು, ನನ್ನದರಲ್ಲಿ ಲಾಠಿ ಬೀಸುವ ಪೊಲೀಸರದು. ಇಬ್ಬರೂ ಫೋನು ಚಾಚಿ "ಇದನ್ನು ನೋಡು" ಎಂದೆವು. ಇಬ್ಬರೂ ನೋಡಲಿಲ್ಲ. ಅಮ್ಮ ಬಡಿಸಿದ ಸಾರು ಆರಿತು.

ಮಾತು ನಿಂತದ್ದು 2020ರ ಏಪ್ರಿಲ್‌ನಲ್ಲಿ. ಲಾಕ್‌ಡೌನ್ ಶುರುವಾಗಿ ಎರಡು ವಾರವೂ ಕಳೆದಿರಲಿಲ್ಲ. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ಅಣ್ಣ ಮಹಡಿಯ ಗೋಡೆಯುದ್ದಕ್ಕೂ ಹಣತೆ ಇಟ್ಟ, ನಾನು ಇಡಲಿಲ್ಲ. ಅದಕ್ಕೆ ಜಗಳವಾಗಲಿಲ್ಲ. ಜಗಳವಾದದ್ದು ತರಕಾರಿಗೆ. ಮುಸ್ಲಿಂ ವ್ಯಾಪಾರಿಗಳು ಬೇಕೆಂದೇ ರೋಗ ಹರಡುತ್ತಿದ್ದಾರೆ, ಅವರಿಂದ ಏನನ್ನೂ ಕೊಳ್ಳಬೇಡಿ ಎಂಬ ಸಂದೇಶಗಳು ಆಗ ದೇಶದ ತುಂಬ ಹರಿದಾಡುತ್ತಿದ್ದವು. ಅಂಥದ್ದೊಂದನ್ನು ಅಣ್ಣ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ.

ನಮ್ಮ ಬೀದಿಗೆ ಹನ್ನೆರಡು ವರ್ಷಗಳಿಂದ ತಳ್ಳುಗಾಡಿ ತರುತ್ತಿದ್ದವರು ಒಬ್ಬರೇ. ಅಮ್ಮನ ಚೀಲಕ್ಕೆ ಕೇಳದೆಯೇ ಒಂದು ಹಿಡಿ ಕರಿಬೇವು ಹಾಕುತ್ತಿದ್ದರು, ಬದನೆಕಾಯಿಯಲ್ಲಿ ಹುಳುಕಿದ್ದರೆ ತಾವೇ ತೆಗೆದಿಡುತ್ತಿದ್ದರು. ಸಂದೇಶ ಹೋದ ಮರುದಿನ ಅವರು ಬಂದಾಗ ಒಂದು ಗೇಟೂ ತೆರೆಯಲಿಲ್ಲ, ನಮ್ಮದೊಂದು ಬಿಟ್ಟು. ಅದರ ಮರುದಿನವೂ ಹಾಗೇ. ಮೂರನೆಯ ದಿನ ಅವರು ಬರಲಿಲ್ಲ. ಅಮ್ಮ ಚೀಲ ಹಿಡಿದು ಗೇಟಿನ ಬಳಿ ಹತ್ತು ಗಂಟೆಯವರೆಗೆ ನಿಂತಿದ್ದರು.

ನಾನು ಮೆಟ್ಟಿಲು ಹತ್ತಿ ಹೋಗಿ ಕೇಳಿದೆ. "ಮುನ್ನೆಚ್ಚರಿಕೆಗೆ ಹಾಕಿದ್ದು, ಅದರಲ್ಲೇನು ತಪ್ಪು?" ಎಂದ. "ಒಬ್ಬರ ಅನ್ನ ಕಿತ್ತುಕೊಂಡಿದ್ದೀಯ" ಎಂದೆ. ಇನ್ನೂ ಏನೇನೋ ಅಂದೆ. ಅತ್ತಿಗೆ ಕಿಟಕಿ ಮುಚ್ಚಿದರು.

ಅಂದಿನಿಂದ ರಾತ್ರಿಯ ಊಟ ಬೇರೆಯಾಯಿತು. ಗೌರಿ ಹಬ್ಬ ಬಂದಿತು. ಪ್ರತಿವರ್ಷ ಅಣ್ಣ ಕೆಳಗಿಳಿದು ಬಂದು ನನ್ನ ಕೈಗೆ ಅರಿಶಿನ–ಕುಂಕುಮದ ದುಡ್ಡು ಕೊಡುತ್ತಿದ್ದ. ಆ ವರ್ಷ ಅತ್ತಿಗೆಯ ಕೈಯಲ್ಲಿ ಕಳಿಸಿದ. ಲಕೋಟೆಯ ಮೇಲೆ ನನ್ನ ಹೆಸರನ್ನು ಅವನೇ ಬರೆದಿದ್ದ. ಸಣ್ಣವಳಿದ್ದಾಗ ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಹೆಸರು ಬರೆಯುತ್ತಿದ್ದವನು ಅವನೇ, ಅದೇ ದುಂಡನೆಯ ಅಕ್ಷರ. ನಾನೇ ಮಹಡಿಗೆ ಹೋಗಿ ನಮಸ್ಕಾರ ಮಾಡಿ ಬಂದೆ. ತಪ್ಪಾಯಿತು ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ಸಂದೇಶ ಸುಳ್ಳಾಗಿತ್ತು ಎಂದು ಅವನು ಇಂದಿಗೂ ಒಪ್ಪಿಲ್ಲ. ಅದು ನನಗೆ ಇಂದಿಗೂ ನೋವು.

ನನ್ನ ತಪ್ಪನ್ನೂ ಹೇಳಬೇಕು. ಆ ವರ್ಷದ ಆರಂಭದಲ್ಲಿ, ಓದಿದವರೂ ಬಂದದ್ದನ್ನೆಲ್ಲ ನಂಬುತ್ತಾರೆ ಎಂದು ಒಂದು ಬರಹ ಬರೆದಿದ್ದೆ. ಹೆಸರಿರಲಿಲ್ಲ, ಆದರೆ ಅವನ ಸ್ಕೂಟರ್, ಅವನ ಮಾತಿನ ಧಾಟಿ ಎಲ್ಲವೂ ಇತ್ತು. ಅವನ ಕಚೇರಿಯಲ್ಲಿ ಗುರುತು ಹಿಡಿದವರು ಅದನ್ನು ಅವನೆದುರೇ ಓದಿ ನಕ್ಕರಂತೆ. ಅವನು ಇದನ್ನು ನನಗೆ ಹೇಳಲೇ ಇಲ್ಲ. ಎರಡು ವರ್ಷದ ಮೇಲೆ ಅತ್ತಿಗೆಯಿಂದ ತಿಳಿಯಿತು. ಅಂದೇ ಅದನ್ನು ತೆಗೆದುಹಾಕಿ ಅವನಿಗೆ ಹೇಳಿದೆ. "ಆಗಲಿ ಬಿಡು" ಎಂದ, ಪೇಪರಿನಿಂದ ಮುಖ ಎತ್ತದೆ.

2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ನಮ್ಮ ಊರಿಗೂ ಬಂದಿತು. 8ನೆಯ ತಾರೀಖು ಕಾಲೇಜಿನ ಬಳಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಹಾಕಿದರು. ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಎಂದು ಸರ್ಕಾರ ಅಂದೇ ಘೋಷಿಸಿತು. ಮಧ್ಯಾಹ್ನ ನಮ್ಮ ಶಾಲೆಯ ಗೇಟಿನ ಹೊರಗೆ ಅಣ್ಣ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದ, ನಾನು ಕರೆದಿರಲಿಲ್ಲ. ದಾರಿಯಲ್ಲಿ ಮಾತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಸಮವಸ್ತ್ರದ ಆದೇಶದ ಬಗ್ಗೆ ಹತ್ತೂವರೆಯವರೆಗೆ ವಾದ ಮಾಡಿದೆವು. ಓದಲು ಬಂದ ಹುಡುಗಿಯನ್ನು ಬಾಗಿಲಲ್ಲಿ ತಡೆಯುವುದು ತಪ್ಪು ಎಂದು ನಾನು, ನಿಯಮ ಎಲ್ಲರಿಗೂ ಒಂದೇ ಎಂದು ಅವನು. ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಇಬ್ಬಗೆಯ ತೀರ್ಪು ಕೊಟ್ಟರು.

"ರಾಜಕೀಯವನ್ನು ಮನೆಯೊಳಗೆ ತರಬೇಡಿ" ಎಂದು ಬುದ್ಧಿ ಹೇಳುವವರಿದ್ದಾರೆ. ನಾವು ತರುವುದೇನು, ಅದು ತರಕಾರಿ ಗಾಡಿಯ ಜೊತೆ ಗೇಟಿನವರೆಗೆ ಬಂದಿತ್ತು, ನನ್ನ ತರಗತಿಯ ಖಾಲಿ ಬೆಂಚಿನ ಮೇಲೆ ಕುಳಿತಿತ್ತು. ಅದರ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಅಣ್ಣನಿಗೆ ನಾನು ಯಾರೆಂದೇ ತಿಳಿಯುತ್ತಿರಲಿಲ್ಲ.

ಹಾಗೆಂದು ಎಲ್ಲರೂ ನನ್ನ ಹಾಗೆ ಮೆಟ್ಟಿಲು ಹತ್ತಿ ಹೋಗಲಿ ಎನ್ನಲಾರೆ. ಬೇರೆ ಧರ್ಮದವನನ್ನು ಮದುವೆಯಾದಳೆಂದು ತವರಿನವರು ಬಾಗಿಲು ಮುಚ್ಚಿದ ಒಬ್ಬ ಹೆಣ್ಣುಮಗಳು ಇದೇ ಪ್ರಶ್ನೆ ಕೇಳಿದ್ದಳು. ಅವಳಿಗೆ ನಾನು, "ನೀನು ಹೋಗಬೇಕಾಗಿಲ್ಲ, ಬಾಗಿಲು ಮುಚ್ಚಿದವರೇ ತೆರೆಯಲಿ" ಎಂದೆ. ನನಗೆ ಅಣ್ಣ ಬಾಗಿಲು ಮುಚ್ಚಿರಲಿಲ್ಲ. ಗೇಟು ಮುಚ್ಚಿದ್ದು ಆ ತರಕಾರಿಯವರಿಗೆ. ಅವರು ಅಣ್ಣನನ್ನು ಕ್ಷಮಿಸಲಿ ಎಂದು ಹೇಳಲು ನಾನು ಯಾರೂ ಅಲ್ಲ. ಅವರ ಗಾಡಿ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಈಗ ಅಮ್ಮನ ಚೀಲ ಹಿಡಿದು ನಾನು ಮಾರುಕಟ್ಟೆಯಲ್ಲಿ ಅವರಿರುವಲ್ಲಿಗೇ ಹೋಗುತ್ತೇನೆ.

ಹಾಗಾದರೆ ಅಣ್ಣನ ಜೊತೆ ಹೇಗೆ ಇದ್ದೀರಿ ಎಂದರೆ, ಕಣ್ಣಿನ ಹನಿಯ ಕತೆ ಹೇಳಬೇಕು. 2024ರ ಮೇ 7ರಂದು ನಮ್ಮಲ್ಲಿ ಮತದಾನ. ಅಮ್ಮ ಮತ ಹಾಕಿ ಬಂದ ಮೂರು ವಾರಕ್ಕೆ ಅವರ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಎರಡು ಬಗೆಯ ಹನಿ, ಮೊದಲ ವಾರ ದಿನಕ್ಕೆ ಆರು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು. ಅಣ್ಣ ಆ ಹೊತ್ತಿಗೆ ನಿವೃತ್ತನಾಗಿದ್ದ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಸ್ಕೇಲು ಹಿಡಿದು ಗೀಟು ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಏಳು, ಹತ್ತು, ಒಂದು, ನಾಲ್ಕು, ಏಳು, ಹತ್ತು. ಹನಿ ಹಾಕಿದವರು ಆ ಹೊತ್ತಿನ ಚೌಕದಲ್ಲಿ ಗುರುತು ಹಾಕಬೇಕು.

ಜೂನ್ 4, ಎಣಿಕೆಯ ದಿನ. ನಾನು ರಜೆ ಹಾಕಿದ್ದೆ. ಅಣ್ಣ ಟಿವಿಯ ಮುಂದೆ. 400 ದಾಟುತ್ತದೆ ಎಂದು ಅವನು ತಿಂಗಳುಗಟ್ಟಲೆ ಹೇಳಿದ್ದ. ಹತ್ತರ ಹನಿಯ ಹೊತ್ತಿಗೆ ಅವನು ಮಾತು ಕಡಿಮೆ ಮಾಡಿದ್ದ, ಒಂದರ ಹೊತ್ತಿಗೆ ಪೂರ್ತಿ ಸುಮ್ಮನಾಗಿದ್ದ. ಕೊನೆಗೆ ಬಿಜೆಪಿಗೆ 240, ಮೈತ್ರಿಕೂಟಕ್ಕೆ 293. ನನಗೆ ಸಂತೋಷವಾಗಿತ್ತು, ಅದನ್ನು ಮುಖದಿಂದ ಮರೆಮಾಡಲು ನನಗೆ ಬರುವುದಿಲ್ಲ. ನಾಲ್ಕು ಗಂಟೆಗೆ ಅಮ್ಮ ಮಂಚದಿಂದ ಕೇಳಿದರು, "ಯಾರು ಗೆದ್ದರು?" ಇಬ್ಬರೂ ಒಟ್ಟಿಗೆ "ನಾವು" ಎಂದೆವು.

"ಔಷಧಿಯ ಹೊತ್ತಾಯಿತು" ಎಂದರು ಅಮ್ಮ.

ಅಣ್ಣ ಅಮ್ಮನ ತಲೆಯ ಕೆಳಗೆ ಕೈ ಕೊಟ್ಟು ಹಿಂದಕ್ಕೆ ವಾಲಿಸಿ ಹಿಡಿದ. ನಾನು ಕೆಳಗಿನ ರೆಪ್ಪೆ ಎಳೆದು ಹನಿ ಬಿಟ್ಟೆ. ಅವನು ಮೂಗಿನ ಬದಿಯಲ್ಲಿ ಬೆರಳೊತ್ತಿ ಹಿಡಿದು ಗಡಿಯಾರ ನೋಡುತ್ತ ನಿಂತ. ಆ ಐದು ನಿಮಿಷ ಇಬ್ಬರೂ ಅಲ್ಲಿಂದ ಕದಲುವ ಹಾಗಿಲ್ಲ. ಟಿವಿ ಪಕ್ಕದ ಕೋಣೆಯಲ್ಲಿ ಕೂಗುತ್ತಿತ್ತು. ನಾನು ಅವನ ಕೈ ನೋಡಿದೆ, ಅಪ್ಪನ ಕೈಯ ಹಾಗೆಯೇ ನರ ಎದ್ದಿತ್ತು. "ಹತ್ತರ ಹನಿ ನಾನು ಹಾಕುತ್ತೇನೆ, ನೀನು ಮಲಗು. ನಾಳೆ ಶಾಲೆ ಇದೆಯಲ್ಲ" ಎಂದ.

ಅಮ್ಮನ ಎಡಗಣ್ಣಿಗೂ ಈಗ ಪೊರೆ ಬಲಿತಿದೆ. ಡಾಕ್ಟರು ಮುಂದಿನ ತಿಂಗಳು ಬನ್ನಿ ಎಂದಿದ್ದಾರೆ. ಅಣ್ಣ ನಿನ್ನೆಯೇ ಹೊಸ ಹಾಳೆಗೆ ಗೀಟು ಹಾಕಿ ಇಟ್ಟಿದ್ದಾನೆ.